ಎಡಗೈ ಬರಹ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಅವಳು ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟು ನೋಡುತ್ತಿದ್ದಳು. ಇಟ್ಟರೆ ಕೈ ಸುಮ್ಮನಿರುತ್ತಿರಲಿಲ್ಲ. ಜೇಬಿನಲ್ಲಿದ್ದ ಬೀಗದ ಕೈಯನ್ನು ತಿರುವುತ್ತಿತ್ತು, ಗಾಜು ಒರೆಸುವ ಬಟ್ಟೆಯನ್ನು ಮುದ್ದೆ ಮಾಡುತ್ತಿತ್ತು, ಬಿಳಿಯ ಕೋಟಿನೊಳಗೆ ಇಲಿ ಹೊಕ್ಕಂತೆ ಕಾಣುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಕನ್ನಡಿಗೇನು ಬರವೇ. ಗೋಡೆಗೆ ನಾಲ್ಕು, ಮೇಜಿನ ಮೇಲೆ ಎರಡು. ಎತ್ತ ತಿರುಗಿದರೂ ಐವತ್ತೊಂದು ವರ್ಷದ ಹೆಂಗಸೊಬ್ಬಳು ತನ್ನ ಒಳ್ಳೆಯ ಕೈಯನ್ನು ತಾನೇ ಬಚ್ಚಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡುತ್ತಿದ್ದಳು. ಸತ್ತ ಕೈ ಹೇಗಿರುತ್ತದೆ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ಅಕ್ಕನ ಕೈ. ಮಣಿಕಟ್ಟು ಒಳಕ್ಕೆ ಮಡಿಸಿರುತ್ತದೆ, ಅದು ಸರಿ. ಹೆಬ್ಬೆರಳು? ಮುಷ್ಟಿಯ ಒಳಗಿರುತ್ತದೋ ಹೊರಗೋ? ಆ ಕೈಯ ಬಗ್ಗೆ ಮೂರು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ಬರಹ ಬರೆದಿದ್ದಳು. ಹೆಬ್ಬೆರಳು ಎಲ್ಲಿರುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅಕ್ಕನ ಮನೆಗೆ ಹೋದಾಗಲೆಲ್ಲ ಅವಳು ಅಕ್ಕನ ಮುಖ ನೋಡುತ್ತಿದ್ದಳು, ಎಡಗೈ ನೋಡುತ್ತಿದ್ದಳು, ಗೋಡೆ ಗಡಿಯಾರ ನೋಡುತ್ತಿದ್ದಳು. ಮಡಿಲಲ್ಲಿ ಮಲಗಿರುವ ಅದೊಂದನ್ನು ಬಿಟ್ಟು.

“ಯಾಕಮ್ಮ, ಕೈ ನೋವಾ?” ಎಂದು ಯಜಮಾನರು ಕೇಳಿದರು. ಇಪ್ಪತ್ತೆರಡು ವರ್ಷದಿಂದ ಒಂದೇ ಮೇಜಿನ ಹಿಂದೆ ಕೂತವರು. ಅವಳು ಸೀನಿದರೂ ಅವರಿಗೆ ಗೊತ್ತಾಗುತ್ತದೆ.

“ಇಲ್ಲ, ಚಳಿ” ಎಂದಳು. ಫ್ಯಾನು ತಿರುಗುತ್ತಿತ್ತು. ಯಜಮಾನರು ಒಮ್ಮೆ ಫ್ಯಾನನ್ನೂ ಒಮ್ಮೆ ಅವಳನ್ನೂ ನೋಡಿ ಮತ್ತೆ ಪಟ್ಟಿ ಬರೆಯತೊಡಗಿದರು.

ಹಿಂದಿನ ಸಂಜೆ ಪತ್ರಿಕೆಯ ಭಾನುವಾರದ ಪುರವಣಿಯ ಸಂಪಾದಕರು ಫೋನ್ ಮಾಡಿದ್ದರು. ಅವರು ಅವಳ ಮುಖ ನೋಡಿದವರಲ್ಲ, ಅವಳೂ ಅವರದನ್ನು ನೋಡಿಲ್ಲ. ಟಪಾಲಿನಲ್ಲೇ ನಡೆದುಬಂದ ನಂಟು. “ನಿಮ್ಮ ಓದುಗರೊಬ್ಬರು, ಪಾಪ, ಬಡಗಿ ಕೆಲಸದವರು. ಲಕ್ವ ಹೊಡೆದು ಬಲಗೈ ಹೋಗಿದೆ. ನಿಮ್ಮನ್ನ ನೋಡ್ಲೇಬೇಕು ಅಂತ ಅವರ ಸೊಸೆ ಮೂರು ಸಲ ಫೋನ್ ಮಾಡಿದ್ರು. ನಿಮ್ಮ ಅಂಗಡಿ ವಿಳಾಸ ಕೊಟ್ಟುಬಿಟ್ಟೆ, ತಪ್ಪು ತಿಳ್ಕೋಬೇಡಿ.” ಅವಳು ಅದಕ್ಕೇನು, ಬರಲಿ, ಒಂದೂವರೆಗೆ ಬರೋಕೆ ಹೇಳಿ ಎಂದಿದ್ದಳು. ಒಂದೂವರೆಗೆ ಯಜಮಾನರು ಊಟಕ್ಕೆ ಮನೆಗೆ ಹೋಗುತ್ತಾರೆ. ಅಷ್ಟು ಬೇಗ ಲೆಕ್ಕ ಹಾಕಿದ ತನ್ನ ಬುದ್ಧಿಯ ಬಗ್ಗೆ ಫೋನ್ ಇಟ್ಟ ಮೇಲೆ ಅವಳಿಗೆ ಹೇಸಿಗೆಯಾಗಿತ್ತು. ಆದರೂ ಆ ಲೆಕ್ಕವನ್ನು ಬದಲಾಯಿಸಿರಲಿಲ್ಲ.

ಮೊದಲ ಬರಹ ಸುಳ್ಳಾಗಿರಲಿಲ್ಲ. ಅದನ್ನು ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ಅದರಲ್ಲಿ ಅಕ್ಕ ಅಕ್ಕನೇ ಆಗಿದ್ದಳು: ಹೊಲಿಗೆಯವಳು, ಒಂಟಿ ಹೆಂಗಸು, ಐವತ್ತೊಂದನೆಯ ವಯಸ್ಸಿಗೆ ಬಲಭಾಗ ಬಿದ್ದುಹೋಗಿ, ಎಡಗೈಯಲ್ಲಿ ಸೂಜಿಗೆ ದಾರ ಪೋಣಿಸುವುದನ್ನು ಒಂದು ಚಳಿಗಾಲವಿಡೀ ಕಲಿತವಳು. ಹದಿನೈದು ದಿನಕ್ಕೆ ಬರಹ ಹಿಂದಕ್ಕೆ ಬಂತು. ಮೂಲೆಯಲ್ಲಿ ಸಂಪಾದಕರ ಕೆಂಪು ಅಕ್ಷರ: ‘ಚೆನ್ನಾಗಿದೆ. ಆದರೆ ನಿಮ್ಮ ಸ್ವಂತ ಅನುಭವವಾಗಿದ್ದರೆ ಇನ್ನೂ ಮನಸ್ಸಿಗೆ ತಟ್ಟುತ್ತಿತ್ತು.’ ಅಡುಗೆಮನೆಯ ಮೇಜಿನ ಮುಂದೆ ಕೂತು, ಬೇರೇನೂ ಯೋಚಿಸದೆ, ಅವಳು ಕ್ರಿಯಾಪದಗಳ ಬಾಲ ಕತ್ತರಿಸಿದ್ದಳು. ಎದ್ದಳು ಎಂಬುದು ಎದ್ದೆ ಆಯಿತು, ಬಿದ್ದಳು ಬಿದ್ದೆ ಆಯಿತು. ಎಷ್ಟು ಸಲೀಸಾಗಿತ್ತೆಂದರೆ, ಭಾಷೆಯೇ ಇದಕ್ಕೆ ಅನುಕೂಲ ಮಾಡಿಕೊಟ್ಟಿದೆ ಅನ್ನಿಸಿತ್ತು. ಹೊಲಿಗೆಯಂಗಡಿ ಕನ್ನಡಕದ ಅಂಗಡಿಯಾಯಿತು. ತೊಡಕು ಬಂದದ್ದು ಒಂದೇ ಕಡೆ. ಅಕ್ಕ ‘ನಾನು’ ಆದಮೇಲೆ ತಾನು ಎಲ್ಲಿ ನಿಲ್ಲಬೇಕು? ‘ತಂಗಿ ಎರಡು ಸಲ ಬಂದು ನೋಡಿಕೊಂಡು ಹೋದಳು’ ಎಂದು ಬರೆದಳು. ಓದಿ ನೋಡಿದರೆ ವಾಕ್ಯ ಕೊಳಕಾಗಿ ಕಂಡಿತು. ಓದುಗರು ಯಾರಪ್ಪ ಈ ತಂಗಿ ಅನ್ನುತ್ತಾರೆ. ‘ಎರಡು ಸಲ’ ಹೊಡೆದುಹಾಕಿ ‘ದಿನಾ’ ಎಂದು ಬರೆದಳು. ದಿನಾ ಬಂದವಳು ಬಂದು ಏನು ಮಾಡಿದಳು ಎಂದು ಹೇಳಬೇಕಲ್ಲ. ತಲೆ ಬಾಚಿದಳು ಎಂದು ಬರೆದಳು. ಗಂಜಿ ಕುಡಿಸಿದಳು, ಬೆನ್ನು ಒರೆಸಿದಳು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಎಣ್ಣೆ ಹಚ್ಚಿದಳು. ಆ ಗೆರೆಗಳನ್ನು ಬರೆಯುವಾಗ ಅವಳಿಗೆ ಅಳು ಬಂದಿತ್ತು. ಎಂಥ ಒಳ್ಳೆಯ ತಂಗಿ ಎಂದು.

ಅದು ಅಚ್ಚಾಯಿತು. ಕೆಳಗೆ ಹೆಸರಿಲ್ಲ, ಎರಡಕ್ಷರ ಮಾತ್ರ. ಇನ್ನೊಂದು ಬರೆಯಿರಿ ಎಂದರು. ಬಿದ್ದು ಎದ್ದವರ ಮಾತು ಜನಕ್ಕೆ ಬೇಕು ಎಂದರು. ಬೆಳಗಿನ ಹತ್ತು ನಿಮಿಷದ ಮೌನದ ಬಗ್ಗೆ, ಸೋತಾಗ ಉಸಿರು ತೆಗೆದುಕೊಳ್ಳುವುದರ ಬಗ್ಗೆ, ನಮ್ಮನ್ನು ನಾವು ಇದ್ದಂತೆ ತೋರಿಸಿಕೊಳ್ಳುವ ಧೈರ್ಯದ ಬಗ್ಗೆ ಬರೆದಳು. ಕಳೆದ ವಾರದ್ದೇ ಅದು. ‘ಮುಖವಾಡ ಕಳಚಿದ ದಿನ ನನಗೆ ಗಾಳಿ ಹಗುರಾಯಿತು.’ ಆ ಗೆರೆಗೆ ಹನ್ನೊಂದು ಜನ ಓದುಗರು ಪತ್ರ ಬರೆದಿದ್ದರು.

ಬಡಗಿ ಒಂದೂವರೆಗೆ ಸರಿಯಾಗಿ ಬಂದರು. ಅರವತ್ತು ದಾಟಿದ ಉದ್ದನೆಯ ಮನುಷ್ಯ, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿ ಒಳಗೆ ಬಂದವರು ಮೊದಲು ನೋಡಿದ್ದು ಆ ಚೌಕಟ್ಟನ್ನು. ಎಡಗೈಯಿಂದ ಅದರ ಮೂಲೆಯನ್ನೊಮ್ಮೆ ಸವರಿದರು. ಬಲಗೈ ಕತ್ತಿಗೆ ಕಟ್ಟಿದ ಬಟ್ಟೆಯ ತೊಟ್ಟಿಲಲ್ಲಿತ್ತು. ಹೆಬ್ಬೆರಳು ಒಳಗಿತ್ತು. ಅವಳು ಜೇಬಿನಲ್ಲೇ ತನ್ನ ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡಳು. ಹಾಗೆ ಮಾಡಿದ್ದು ಕೈಯಲ್ಲ, ತಾನೇ ಎಂದು ತಿಳಿಯುವಷ್ಟರಲ್ಲಿ ಸೊಸೆ ಮುಂದೆ ಬಂದು, “ನಮಸ್ಕಾರ ಮೇಡಂ. ಇವರು ನಮ್ಮ ಮಾವ. ಭಾನುವಾರ ಬಂತು ಅಂದ್ರೆ ನಿಮ್ಮದೇ ಮೊದಲು ಓದಿಸೋದು” ಎಂದಳು. ಮೂವತ್ತರ ಆಸುಪಾಸಿನ, ಹೆಚ್ಚು ಮಾತಿಲ್ಲದ, ಎಲ್ಲವನ್ನೂ ನೋಡುವ ಹೆಂಗಸು.

ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿಯಲ್ಲಿ ಬಡಗಿಯನ್ನು ಕೂರಿಸಿದಳು. ಕೂರಿಸಲು ಬೇರೆ ಜಾಗವಿರಲಿಲ್ಲ. ಎದುರು ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ. ಅವರು ಒಂದು ಗಳಿಗೆ ಅದನ್ನೇ ಓದುತ್ತ ಕೂತು, ಆಮೇಲೆ ಮೆಲ್ಲನೆ ಅವಳ ಜೇಬಿನ ಕಡೆ ನೋಡಿ, ನೋಡಬಾರದೆಂಬಂತೆ ಕಣ್ಣು ತೆಗೆದರು. ಆ ಮರ್ಯಾದೆ ಅವಳಿಗೆ ಚುಚ್ಚಿತು. “ನನಗೆ ಎಂಟು ತಿಂಗಳಾಯ್ತಮ್ಮ. ಕಾಲು ಬಂತು, ಮಾತು ಬಂತು. ಕೈ ಬರಲ್ಲ ಅಂದ್ರು. ಬರದಿದ್ರೆ ಬೇಡ, ಇನ್ನೊಂದಿದೆಯಲ್ಲ. ನಿಮ್ಮನ್ನ ಒಂದೆರಡು ಕೇಳಬೇಕಿತ್ತು.”

“ಕೇಳಿ” ಎಂದಳು.

“ಎಡಗೈಯ ಉಗುರು ಹೇಗೆ ತೆಗೀತೀರಿ?”

ಅವಳು ಸಿದ್ಧವಾಗಿದ್ದುದು ಬೇರೆ ಪ್ರಶ್ನೆಗಳಿಗೆ. ನಿರಾಶೆಯಾದಾಗ ಏನು ಮಾಡಿದಿರಿ, ಬಲ ಎಲ್ಲಿಂದ ಬಂತು, ಅಂಥವು. ಬಲಗೈ ಇಲ್ಲದವರು ಎಡಗೈಯ ಉಗುರು ತೆಗೆಯುವುದು ಹೇಗೆ? ಅವಳ ಮನಸ್ಸಿಗೆ ಎಂದೂ ಬಂದಿರದ ಮಾತು. “ಮೊದಲು ನಮ್ಮ ಸ್ಥಿತಿಯನ್ನು ನಾವು ಒಪ್ಪಿಕೊಳ್ಳಬೇಕು” ಎಂದಳು. ಬರಹದಲ್ಲಿ ಒಳ್ಳೆಯದಾಗಿ ಕಾಣುವ ಆ ವಾಕ್ಯ ಅಂಗಡಿಯ ಗಾಳಿಯಲ್ಲಿ ಬಾಯಿ ಬಿಟ್ಟುಕೊಂಡು ನಿಂತಿತು.

ಬಡಗಿ ತಲೆಯಾಡಿಸಿದರು. “ಅದು ಸರಿ. ಉಗುರು?”

“ಮನೆಯಲ್ಲಿ... ತಂಗಿ ತೆಗೀತಾಳೆ.”

“ಹಾಂ, ತಂಗಿ. ಪುಣ್ಯವಂತರು ನೀವು. ಬರೆದಿದ್ರಿ.” ಅವರು ಸೊಸೆಯ ಕಡೆ ನೋಡಿ ಸಣ್ಣಗೆ ನಕ್ಕರು. “ನಂದು ಇವಳು ತೆಗೀತಾಳೆ. ನನಗೆ ನಾಚಿಕೆ. ಅದಕ್ಕೇ ಕೇಳಿದ್ದು.” ಆಮೇಲೆ ಕೇಳಿದರು, ಎಡಗಂಕುಳಿಗೆ ಸೋಪು ಹಚ್ಚೋದು ಹೇಗೆ, ಡಬ್ಬಿ ಮುಚ್ಚಳ ತೆಗೆಯೋದು ಹೇಗೆ, ನಿದ್ದೆಯಲ್ಲಿ ಆ ಕೈ ಮೈಕೆಳಗೆ ಸಿಕ್ಕಿಕೊಂಡರೆ ಗೊತ್ತಾಗುತ್ತದೋ ಇಲ್ಲವೋ. ಪ್ರತಿಯೊಂದಕ್ಕೂ ಅವಳು ಏನೋ ಒಂದು ಹೇಳಿದಳು. ಹೇಳುತ್ತ ಹೇಳುತ್ತ ಗೊತ್ತಾಯಿತು, ತಾನು ಮೂರು ವರ್ಷ ಬರೆದದ್ದು ಕೈಯ ಬಗ್ಗೆ ಅಲ್ಲವೇ ಅಲ್ಲ. ಸೊಸೆ ಗೋಡೆಗೊರಗಿ ನಿಂತು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಕೊನೆಗೆ ಬಡಗಿ ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನೂ ದಪ್ಪ ಸೀಸದ ಕಡ್ಡಿಯನ್ನೂ ತೆಗೆದು ಮೇಜಿನ ಮೇಲಿಟ್ಟರು. “ಒಂದು ಗೆರೆ ಬರೆದು ಕೊಡಿ. ಏನಾದರೂ ಸರಿ, ನಿಮ್ಮ ಎಡಗೈಲೇ. ಕೆಲಸದ ಕೋಣೆ ಗೋಡೆಗೆ ಅಂಟಿಸ್ಕೊತೀನಿ.”

ಅವಳು ಎಡಗೈಯಲ್ಲಿ ಸೀಸದ ಕಡ್ಡಿ ಹಿಡಿದಳು. ಹುಟ್ಟಿದ ಮೇಲೆ ಎಂದೂ ಹಿಡಿದಿರಲಿಲ್ಲ. ‘ಮತ್ತೆ ಎದ್ದೆ’ ಎಂದು ಬರೆಯಬೇಕೆಂದು ಹೊರಟಳು. ಹಾಳೆ ಜಾರಿತು, ಒತ್ತಿ ಹಿಡಿಯಲು ಇನ್ನೊಂದು ಕೈಯಿಲ್ಲ, ಅದು ಜೇಬಿನಲ್ಲಿದೆ. ಬಡಗಿಯೇ ತಮ್ಮ ಎಡಗೈಯ ಬೆರಳಿನಿಂದ ಹಾಳೆಯ ಮೂಲೆ ಒತ್ತಿಹಿಡಿದರು. ‘ಮ’ ಹೊಟ್ಟೆ ಒಡೆದುಕೊಂಡಿತು. ‘ತ್ತೆ’ ಕೆಳಕ್ಕೆ ಜಾರಿತು. ಒಂದನೆಯ ತರಗತಿಯ ಮಗು ಅಳುತ್ತಾ ಬರೆದ ಹಾಗಿತ್ತು. ಬೆವರಿನ ಹನಿಯೊಂದು ಮೂಗಿನ ತುದಿಗೆ ಬಂದು ನಿಂತಿತು, ಒರೆಸಿಕೊಳ್ಳಲಿಲ್ಲ. ಅವಳು ಕಡ್ಡಿ ಕೆಳಗಿಟ್ಟಾಗ ಬಡಗಿ ಹಾಳೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಮರದ ಗೆರೆ ನೋಡುವವರ ಹಾಗೆ.

“ಏಳು ವರ್ಷ ಆಯ್ತು ಅಂತ ಬರೆದಿದ್ರಲ್ಲ?”

“ಹೌದು.”

“ಏಳು ವರ್ಷ.” ಅವರು ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದರು. ದನಿಯಲ್ಲಿ ದೂರೇನೂ ಇರಲಿಲ್ಲ. “ನಾನು ಒಂದೆರಡು ವರ್ಷದಲ್ಲಿ ಉಳಿ ಹಿಡೀಬಹುದು ಅಂದ್ಕೊಂಡಿದ್ದೆ. ತಪ್ಪು ನಂದೇ. ನೀವು ಬರೆಯೋದು ಓದಿ ಏನೋ ದೊಡ್ಡ ಆಸೆ ಇಟ್ಕೊಂಡ್ಬಿಟ್ಟೆ.” ಕುರ್ಚಿಯಿಂದ ಇಳಿದು, ಸೊಸೆಗೆ ಹೇಳಿದರು: “ಗರಗಸ, ಉಳಿ ಎಲ್ಲಾ ಕೇಳ್ತಿದ್ದನಲ್ಲಮ್ಮ ಆ ಕಡೆ ಬೀದಿಯವನು. ನಾಳೆ ಬಂದು ತಗೊಂಡು ಹೋಗಲಿ. ತುಕ್ಕು ಹಿಡಿಸಿ ಇಟ್ಕೊಂಡು ಏನು ಮಾಡೋದು.”

ಬಾಗಿಲ ತನಕ ಆರು ಹೆಜ್ಜೆ. ಒಂದನೆಯ ಹೆಜ್ಜೆಗೆ ಹೇಳಬಹುದಿತ್ತು. ಇದು ನನ್ನ ಕಥೆಯಲ್ಲ, ನನ್ನಕ್ಕನದು, ಅವಳ ಅಕ್ಷರ ಮುತ್ತಿನ ಹಾಗಿದೆ, ಅವಳು ಕಾಜಾ ಹೊಲಿಯುತ್ತಾಳೆ, ಗುಂಡಿ ಹಚ್ಚುತ್ತಾಳೆ, ನೀವು ಖಂಡಿತ ಉಳಿ ಹಿಡೀತೀರಿ. ಎರಡನೆಯದಕ್ಕೂ ಹೇಳಬಹುದಿತ್ತು. ಮೂರನೆಯದಕ್ಕೆ ಅವಳಿಗೆ ಯಜಮಾನರ ಮುಖ ನೆನಪಾಯಿತು, ನಾಲ್ಕನೆಯದಕ್ಕೆ ಹನ್ನೊಂದು ಪತ್ರ. ಐದನೆಯದಕ್ಕೆ ಸೊಸೆ ತಿರುಗಿ ನಿಂತು, ಒಂದು ಚೀಟಿಯ ಮೇಲೆ ವಿಳಾಸವನ್ನೂ ಫೋನ್ ನಂಬರನ್ನೂ ಬರೆದು ಮೇಜಿನ ಮೇಲಿಟ್ಟಳು. “ಏನಾದ್ರೂ ನೆನಪಾದ್ರೆ ಹೇಳಿ” ಎಂದಳು. ಹೇಳುವಾಗ ಅವಳ ಕಣ್ಣು ನೇರವಾಗಿ ಕೋಟಿನ ಜೇಬಿನ ಮೇಲಿತ್ತು. ಒಳಗೆ ಬೀಗದ ಕೈ ಗಿಲಿಗಿಲಿ ಎನ್ನುತ್ತಿತ್ತು. ಎಷ್ಟು ಹೊತ್ತಿನಿಂದಲೋ.

ಸಂಜೆ ಐದಕ್ಕೆ ತಲೆನೋವೆಂದು ಹೇಳಿ ಅಂಗಡಿಯಿಂದ ಹೊರಟು ಅಕ್ಕನ ಮನೆಯ ಬಸ್ಸು ಹತ್ತಿದಳು. ನಲವತ್ತು ನಿಮಿಷದ ದಾರಿ. ಏಳು ವರ್ಷದ ಹಿಂದೆಯೂ ನಲವತ್ತೇ ನಿಮಿಷವಿತ್ತು. ಅದನ್ನೇ ಅವಳು ಎಲ್ಲರ ಮುಂದೆ ‘ದೂರ’ ಎನ್ನುತ್ತಿದ್ದಳು. ಕಿಟಕಿಯ ಗಾಜಿಗೆ ಹಣೆ ಹಚ್ಚಿ ಕೂತಾಗ ತಲೆಯೊಳಗೆ ವಾಕ್ಯಗಳು ತಾವಾಗಿಯೇ ಸಾಲುಗಟ್ಟತೊಡಗಿದವು. ‘ಇಂದು ನಾನು ನನ್ನನ್ನೇ ಭೇಟಿಯಾದೆ.’ ‘ನಾಚಿಕೆಯೂ ಒಂದು ಗುರು.’ ಆಮೇಲೆ ‘ಸುಳ್ಳಿನ ಜೇಬಿನಿಂದ ಕೈ ತೆಗೆಯುವುದೇ...’ ಎನ್ನುವವರೆಗೆ ಬಂದು ಅವಳು ಬೆಚ್ಚಿಬಿದ್ದಳು. ನಾಚಿಕೆ ಇನ್ನೂ ಬಿಸಿಯಾಗಿರುವಾಗಲೇ ಅದನ್ನು ಮುಂದಿನ ಭಾನುವಾರಕ್ಕೆ ಹದ ಮಾಡುತ್ತಿದ್ದಾಳೆ. ಇನ್ನೂರೈವತ್ತು ಪದ, ಕೊನೆಗೊಂದು ಹಿತನುಡಿ. ತನ್ನೊಳಗೆ ಎಲ್ಲೋ ಒಂದು ಕಡೆಯಾದರೂ ಬರಹವಾಗದ ಜಾಗ ಉಳಿದಿದೆಯೇ ಎಂದು ಹುಡುಕಿದಳು. ಹುಡುಕಿದಾಗ ಸಿಕ್ಕಿದ್ದು ಏಳು ವರ್ಷದ ಹಿಂದಿನ ಆ ಮಧ್ಯಾಹ್ನ.

ಆಸ್ಪತ್ರೆಯಿಂದ ಅಕ್ಕ ಮನೆಗೆ ಬಂದು ಹನ್ನೆರಡನೆಯ ದಿನ. ಅವಳ ಎರಡನೆಯ ಭೇಟಿ. ಕಿತ್ತಳೆ ಹಣ್ಣು ತಂದಿದ್ದಳು. ಅಕ್ಕನ ಬಾಯಿ ಒಂದು ಕಡೆಗೆ ಎಳೆದಿತ್ತು, ಮಾತು ಗೊಗ್ಗರು. ಒಂದು ಮಾತು ಎರಡು ಸಲ ಹೇಳಿಸಬೇಕಿತ್ತು. ಅವಳು ಕಿತ್ತಳೆ ಸುಲಿದು ತಟ್ಟೆಯಲ್ಲಿ ಜೋಡಿಸುತ್ತಿದ್ದಾಗ ಕೋಣೆಯಲ್ಲಿ ವಾಸನೆ ಬಂತು. ಕತ್ತೆತ್ತಿದಳು. ಅಕ್ಕ ಸೂರು ನೋಡುತ್ತಿದ್ದಳು, ಹೊದಿಕೆಯ ಅಂಚನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದಿದ್ದಳು. ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ಗೊತ್ತಿದೆ ಎಂಬುದೂ ಗೊತ್ತಿತ್ತು. ಅವಳು ಗಡಿಯಾರ ನೋಡಿದಳು. “ಅಯ್ಯೋ, ಬಸ್ಸಿಗೆ ಹೊತ್ತಾಯ್ತು” ಎಂದಳು. ಬೆರಳಿಗೆ ಹತ್ತಿದ ಕಿತ್ತಳೆಯ ರಸವನ್ನೂ ತೊಳೆಯದೆ ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದಳು. ಆಮೇಲೆ ನಾಲ್ಕು ತಿಂಗಳು ಹೋಗಲಿಲ್ಲ. ಕೆಲಸ ಇತ್ತು ಎಂದಳು. ನಿಜವಾಗಿಯೂ ಇತ್ತು.

ಅಕ್ಕನ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಕ್ಕ ಹಾಸಿದ ನೀಲಿ ಬಟ್ಟೆಯ ಮೇಲೆ ಬಗ್ಗಿ ಕತ್ತರಿಸುತ್ತಿದ್ದಳು. ಬಟ್ಟೆ ಜಾರದಂತೆ ಭಾರಕ್ಕೆ ಇಟ್ಟಿದ್ದು ತನ್ನ ಬಲಗೈಯನ್ನೇ. ಇಸ್ತ್ರಿಪೆಟ್ಟಿಗೆ ಇಟ್ಟಂತೆ ಎಡಗೈಯಿಂದ ಅದನ್ನೆತ್ತಿ ಬೇಕಾದ ಕಡೆ ಇಡುತ್ತಿದ್ದಳು. ಈ ಸಲ ಅವಳು ನೋಡಿದಳು. ಹೆಬ್ಬೆರಳು ಒಳಗಿತ್ತು. ಚರ್ಮ ಮಗುವಿನದರ ಹಾಗೆ ನುಣುಪಾಗಿತ್ತು.

“ಏನೇ ಕಡ್ಡಿ, ಭಾನುವಾರ ಬಿಟ್ಟು ಬರದವಳು ಶನಿವಾರ ಬಂದೆ” ಎಂದಳು ಅಕ್ಕ. ಚಿಕ್ಕಂದಿನಲ್ಲಿ ಸಣಕಲಾಗಿದ್ದುದಕ್ಕೆ ಇಟ್ಟ ಅಡ್ಡಹೆಸರು. ಮೈ ದಪ್ಪಗಾಗಿ ಇಪ್ಪತ್ತು ವರ್ಷವಾದರೂ ಅಕ್ಕ ಬಿಟ್ಟಿರಲಿಲ್ಲ. “ಕೂತ್ಕೋ. ಆ ಮೈಗಳ್ಳನ್ನ ಒಂದಿಷ್ಟು ಈ ಕಡೆ ಸರಿಸು.” ಮೈಗಳ್ಳ ಎಂದರೆ ಬಲಗೈ. ಬರಹದಲ್ಲಿ ಅದು ‘ನನ್ನ ಮೌನದ ಗೆಳತಿ’ ಆಗಿತ್ತು.

ಅವಳು ಆ ಕೈಯನ್ನು ಮುಟ್ಟಿ ಸರಿಸಿದಳು. ಅಂದುಕೊಂಡದ್ದಕ್ಕಿಂತ ಭಾರವಿತ್ತು, ತಣ್ಣಗಿತ್ತು. “ಅಕ್ಕ, ಒಂದು ವಿಷಯ ಹೇಳಬೇಕು. ನಾನು ಪೇಪರಿಗೆ ಬರೀತೀನಿ ಅಂತ ಹೇಳಿದ್ದೆನಲ್ಲ, ಅಡುಗೆ ಗಿಡುಗೆ ಅಂತ...”

“ಗೊತ್ತು” ಎಂದಳು ಅಕ್ಕ. ಕತ್ತರಿ ನಿಲ್ಲಲಿಲ್ಲ. ಬಟ್ಟೆಯ ತುದಿ ಮುಟ್ಟಿದ ಮೇಲೆ ಅದನ್ನು ಕೆಳಗಿಟ್ಟು, ಹಿಂದಿನ ಮೊಳೆಗೆ ನೇತುಹಾಕಿದ್ದ ಕಾಗದದ ಕಟ್ಟನ್ನು ಎಳೆದು ಮುಂದಿಟ್ಟಳು. ಅಳತೆಗೆಂದು ಕತ್ತರಿಸಿಟ್ಟುಕೊಂಡ ತೋಳು, ಕಾಲರು, ಬೆನ್ನಿನ ಆಕಾರಗಳು. ಎಲ್ಲ ಭಾನುವಾರದ ಪುರವಣಿ. “ಈ ಪೇಪರು ಗಟ್ಟಿ. ತೋಳು ಕತ್ತರಿಸೋಕೆ ಚೆನ್ನಾಗಿರತ್ತೆ. ಕತ್ತರಿಸೋ ಮುಂಚೆ ಓದ್ತೀನಿ. ಎರಡನೇ ಬರಹ ಬಂದಾಗಲೇ ಗೊತ್ತಾಯ್ತು. ನೀನು ‘ಹಾಗೆ ನೋಡಿದರೆ’ ಅಂತ ಜಾಸ್ತಿ ಬರೀತೀಯ, ಮಾತಾಡೋ ಹಾಗೇ.”

ಮೂರು ವರ್ಷ. ಮೂರು ವರ್ಷದಲ್ಲಿ ತಿಂಗಳಿಗೊಮ್ಮೆಯಾದರೂ ಬಂದು, ಇದೇ ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು, ಮಾತಿನ ನಡುವೆ ಸುಮ್ಮನೆ ಎಂಬಂತೆ ‘ಸೂಜಿಗೆ ದಾರ ಹೇಗೆ ಪೋಣಿಸ್ತೀಯಕ್ಕ’ ಎಂದು ಕೇಳಿ, ಬಸ್ಸಿನಲ್ಲಿ ಅದನ್ನು ಮರೆಯುವ ಮೊದಲು ಚೀಟಿಯಲ್ಲಿ ಬರೆದುಕೊಂಡಿದ್ದಳು. ಆಗೆಲ್ಲ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ್ದಳು.

“ಬರೆದಿದ್ದಕ್ಕೆ ನನಗೇನೂ ಇಲ್ಲ” ಎಂದಳು ಅಕ್ಕ, ಕಾಗದದ ತೋಳೊಂದನ್ನು ಕಣ್ಣಿನ ಹತ್ತಿರ ಹಿಡಿದು. “ಒಂದೇ ಒಂದು ಕೇಳಬೇಕಿತ್ತು. ಇದರಲ್ಲಿ ಒಬ್ಬಳು ತಂಗಿ ಬರ್ತಾಳಲ್ಲ, ದಿನಾ ಬಂದು ತಲೆ ಬಾಚ್ತಾಳೆ, ಬೆನ್ನು ಒರೆಸ್ತಾಳೆ. ಅವಳು ಯಾರೇ?”

ಅಕ್ಕ ವ್ಯಂಗ್ಯ ಮಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು; ಅದನ್ನೇ ತಡೆದುಕೊಳ್ಳಲು ತಂಗಿಗೆ ಆಗಲಿಲ್ಲ.

“ತಲೆ ಬಾಚಿದ್ದು ಎದುರುಮನೆ ಡ್ರೈವರ್ ಹೆಂಡತಿ. ನಾಲ್ಕು ತಿಂಗಳು. ಅವಳಿಗೆ ಓದೋಕೆ ಬರಲ್ಲ. ನಾನೇ ಓದಿ ಹೇಳ್ತಿದ್ದೆ. ‘ಆ ತಂಗಿ ಎಷ್ಟು ಒಳ್ಳೇವರು’ ಅಂದ್ಲು. ನಾನು ಹೂಂ ಅಂದೆ. ಇನ್ನೇನು ಹೇಳಲಿ?” ಅಕ್ಕ ಕಾಗದವನ್ನು ಕಟ್ಟಿಗೆ ಸೇರಿಸಿದಳು. ಎದುರುಗೋಡೆ ನೋಡುತ್ತ, ಬಹಳ ದಿನದಿಂದ ಕೇಳಬೇಕೆಂದು ಮರೆತದ್ದನ್ನು ಕೇಳುವವಳ ಹಾಗೆ, “ಆವತ್ತು ಬಸ್ಸು ಸಿಕ್ತಾ ನಿನಗೆ?” ಎಂದಳು.

ಸಿಕ್ಕಿತ್ತು. ಬೇಗ ಸಿಕ್ಕಿತ್ತು. ಕಿಟಕಿ ಪಕ್ಕದ ಜಾಗವೂ ಸಿಕ್ಕಿತ್ತು. ಅವಳು ಅಕ್ಕನ ಮುಂದೆ ತಲೆ ಬಗ್ಗಿಸಿ ಕೂತು, ಅಳುವುದಕ್ಕೂ ತನಗೆ ಹಕ್ಕಿಲ್ಲ ಅನ್ನಿಸಿ ಅಳದೆ, ಮಧ್ಯಾಹ್ನ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಜೇಬು, ಸೀಸದ ಕಡ್ಡಿ, ಹಾಳೆ, ‘ಏಳು ವರ್ಷ’ ಎಂದ ದನಿ, ನಾಳೆ ಹೋಗಲಿರುವ ಗರಗಸ. ಹಾಳೆಯ ಮಾತು ಬಂದಾಗ ಅಕ್ಕನ ಕತ್ತು ಮೇಲೆದ್ದಿತು.

“ನೀನು ಎಡಗೈಲಿ ಬರೆದು ತೋರಿಸಿದ್ಯಾ?”

“ಹೂಂ.”

“ಅದನ್ನ ನೋಡಿ ಅವರು ಸಾಮಾನು ಕೊಟ್ಟುಬಿಡ್ತಾರಾ?”

“ಹೂಂ.”

ಅಕ್ಕನ ಮುಖದ ಒಳ್ಳೆಯ ಭಾಗ ಕೆಂಪಾಯಿತು. ಅವಳಿಗೆ ಸಿಟ್ಟು ಬಂದದ್ದು ಅಲ್ಲಿ. ತಂಗಿಯ ವಿಷಯಕ್ಕಲ್ಲ, ಬಸ್ಸಿನ ವಿಷಯಕ್ಕಲ್ಲ, ಆ ನಾಲ್ಕು ಸೊಟ್ಟ ಅಕ್ಷರದ ವಿಷಯಕ್ಕೆ. “ಅವರಿಗೆ ಎಷ್ಟು ತಿಂಗಳಾಯ್ತು? ಭುಜ ಎತ್ತುತ್ತಾರಾ? ಕೆಲಸ ಮಾಡೋ ಮೇಜು ಎಷ್ಟೆತ್ತರ?” ಎಂದು ಒಂದರ ಮೇಲೊಂದು ಕೇಳಿದಳು. ತಂಗಿಗೆ ಎಂಟು ತಿಂಗಳು ಎಂಬುದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. “ಅರ್ಧ ಗಂಟೆ ಕೂರಿಸಿಕೊಂಡು ಏನು ಮಾತಾಡಿದೆ ಹಾಗಾದ್ರೆ?” ಎಂದು ಗದರಿ, ಗೋಡೆಯ ಕ್ಯಾಲೆಂಡರ್ ನೋಡಿ, “ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟಾಪಲ್ಲಿರು. ಆ ಚೀಟಿ ಮರೀಬೇಡ” ಎಂದಳು.

“ಅಕ್ಕ, ನನ್ನನ್ನ...”

“ಅದನ್ನ ಈಗ ಕೇಳಬೇಡ. ಕೈ ತುಂಬ ಕೆಲಸ ಇದೆ.” ಅಕ್ಕ ಕತ್ತರಿ ಎತ್ತಿಕೊಂಡಳು. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಹೇಳಿದಳು: “ನಾನು ಅಷ್ಟು ಒಳ್ಳೇವಳೂ ಅಲ್ಲ ಕಣೇ. ಆ ನಾಲ್ಕು ತಿಂಗಳು ದಿನಾ ನಿನ್ನ ಬೈಕೊಂಡೇ ದಾರ ಪೋಣಿಸಿದ್ದು. ಅದನ್ನ ಬರೀಲಿಲ್ಲ ನೀನು.”

ಬಡಗಿಯ ಮನೆ ನಗರದ ಇನ್ನೊಂದು ಕೊನೆಯಲ್ಲಿ, ಸಾಲಾಗಿ ಒಂದೇ ಥರ ಕಟ್ಟಿದ ಮನೆಗಳ ಬೀದಿಯಲ್ಲಿತ್ತು. ಹಿತ್ತಲ ಕಡೆ ತಗಡು ಹೊದಿಸಿದ ಕೆಲಸದ ಕೋಣೆ. ನೆಲದ ಮೇಲೆ ಗೋಣಿತಾಟು ಹಾಸಿ ಗರಗಸ, ಉಳಿ, ಕೀಸುಳಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಒಂದೊಂದಕ್ಕೂ ಹೊಸದಾಗಿ ಎಣ್ಣೆ ಸವರಿತ್ತು. ತಗೊಂಡು ಹೋಗುವವನು ಹನ್ನೊಂದಕ್ಕೆ ಬರುವವನಿದ್ದ. ಬಾಗಿಲು ತೆಗೆದ ಸೊಸೆ ಇಬ್ಬರನ್ನೂ ನೋಡಿದಳು, ಅಕ್ಕನ ಕೈ ನೋಡಿದಳು, ಏನೂ ಕೇಳದೆ ಒಳಗೆ ಕರೆದಳು. ಓಣಿಯಂಥ ನಡುಮನೆ ದಾಟುವಾಗ ತಂಗಿಗೆ ಮಾತ್ರ ಕೇಳುವಂತೆ ಹೇಳಿದಳು: “ನಿನ್ನೆ ಜೇಬಿನಲ್ಲಿ ಬೆರಳು ಆಡ್ತಿತ್ತು. ನೋಡಿದೆ. ಮಾವನಿಗೆ ಹೇಳಲಿಲ್ಲ. ಅವರ ಆಸೆ ಹೋಗಿದ್ದು ಸಾಕಿತ್ತು, ನಂಬಿಕೇನೂ ಹೋಗೋದು ಬೇಡ ಅಂತ.”

ಕೆಲಸದ ಕೋಣೆಯಲ್ಲಿ ಬಡಗಿ ಸ್ಟೂಲಿನ ಮೇಲಿಂದ ಎದ್ದು ನಿಂತರು. ಅವಳು ದಾರಿಯುದ್ದಕ್ಕೂ ಆರಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಬರೆದದ್ದು ನಾನು. ಕೈ ಹೋದದ್ದು ನನ್ನಕ್ಕಂದು. ನನ್ನ ಕೈ ಚೆನ್ನಾಗಿದೆ” ಎಂದು ಬಲಗೈಯನ್ನು ಮುಂದೆ ಚಾಚಿ ತೋರಿಸಿದಳು, ಉಗುರು ಚೊಕ್ಕಟವಾಗಿದೆಯೆಂದು ಮೇಷ್ಟರಿಗೆ ತೋರಿಸುವ ಹುಡುಗಿಯ ಹಾಗೆ. ಚಾಚಿದ ಕೈಯನ್ನು ಮತ್ತೆ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬಡಗಿ ಆ ಕೈಯನ್ನು ನೋಡಿದರು. ಐದೂ ಬೆರಳನ್ನು, ಬಿಡಿಬಿಡಿಯಾಗಿ. ಬೈಯುತ್ತಾರೆಂದು ಅವಳು ಕಾದಳು. ಬೈದಿದ್ದರೆ ಏನಾದರೂ ಇಳಿಯುತ್ತಿತ್ತು. “ಹೂಂ” ಎಂದರು ಅವರು. ಅಷ್ಟೇ. ಆಮೇಲೆ ಅಕ್ಕನ ಕಡೆಗೆ ಪೂರ್ತಿ ತಿರುಗಿ, ಆ ವಿಷಯ ಮುಗಿಯಿತೆಂಬಂತೆ, “ಉಗುರು ಹೇಗಮ್ಮ?” ಎಂದು ಕೇಳಿದರು.

“ಉಪ್ಪುಕಾಗದ” ಎಂದಳು ಅಕ್ಕ. “ನೀವು ಮರ ಉಜ್ಜೋದೇ. ಬಚ್ಚಲ ಗೋಡೆಗೆ ಅಂಗೈಯಗಲ ಅಂಟಿಸಿಬಿಡಿ. ಸ್ನಾನ ಆದಮೇಲೆ ಉಗುರು ಮೆತ್ತಗಿರುವಾಗ ಉಜ್ಜಿದ್ರೆ ಆಯ್ತು. ಯಾರ ಹತ್ರಾನೂ ಕೈ ಒಡ್ಡೋದು ಬೇಡ.”

ಬಡಗಿ ನಕ್ಕರು. ನಲವತ್ತು ವರ್ಷ ಕೈಯಲ್ಲಿ ಹಿಡಿದದ್ದು, ಹೊಳೆಯಲಿಲ್ಲವಲ್ಲ ಎಂಬ ನಗು. ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಕಂಕುಳಿಗೆ ಸೋಪನ್ನು ಗೋಡೆಗೆ ಒತ್ತಿಟ್ಟು ತಾನೇ ತಿರುಗುವುದು, ಡಬ್ಬಿಯನ್ನು ತೊಡೆಸಂದಿನಲ್ಲಿ ಹಿಡಿಯುವುದು, ಮಲಗುವಾಗ ಮೈಗಳ್ಳನ ಕೆಳಗೆ ದಿಂಬು ಇಡುವುದು. ಸೊಸೆಯೂ ಬಂದು ನಿಂತಳು. ಒಂದು ಹಲಗೆಯ ಮೇಲೆ ಅಕ್ಕ ಎಡಗೈಯಲ್ಲಿ ಬಡಗಿಯ ಸೀಸದ ಕಡ್ಡಿ ಹಿಡಿದು ತನ್ನ ಮನೆಯ ವಿಳಾಸ ಬರೆದಳು. ಅಳತೆಪಟ್ಟಿ ಇಟ್ಟು ಎಳೆದಂತೆ ನೇರ. “ಮೊದಲ ಆರು ತಿಂಗಳು ನಂದೂ ಇವಳ ಬರಹದ ಹಾಗೇ ಇತ್ತು” ಎಂದಳು, ತಂಗಿಯನ್ನು ನೋಡದೆ. “ಸಿಟ್ಟು ಬಂದು ಸ್ಲೇಟು ಒಡೆದಿದ್ದೀನಿ. ಎರಡು.”

ಅವಳು ಬಾಗಿಲ ಪಕ್ಕದಲ್ಲಿ ನಿಂತೇ ಇದ್ದಳು. ಕೂತ್ಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ, ಹೋಗಿ ಎಂದೂ ಹೇಳಿರಲಿಲ್ಲ. ಆ ಮೂವರ ನಡುವೆ ಓಡಾಡುತ್ತಿದ್ದ ಮಾತು ತುಂಬ ಸಣ್ಣದಾಗಿತ್ತು: ಮುಚ್ಚಳ, ದಿಂಬು, ಮೊಳೆ. ಅದರಲ್ಲಿ ಒಂದನ್ನೂ ಅವಳು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುತ್ತಿಲ್ಲ ಎಂಬುದನ್ನು ತಾನು ಗಮನಿಸುತ್ತಿರುವುದಕ್ಕೂ ಅವಳಿಗೆ ನಾಚಿಕೆಯಾಯಿತು.

ಬಡಗಿ ಬಗ್ಗಿ ಗೋಣಿತಾಟಿನ ಮೇಲಿಂದ ಗರಗಸವನ್ನು ಎತ್ತಿಕೊಂಡರು. ಎಡಗೈಯಲ್ಲಿ ಅದರ ಹಿಡಿಯನ್ನು ಎರಡು ಮೂರು ಸಲ ಹೊಂದಿಸಿ ನೋಡಿದರು. ಮೇಜಿನ ಮೇಲೆ ಹಲಗೆಯೊಂದನ್ನಿಟ್ಟು ಗೆರೆ ಎಳೆದರು. ಹಲಗೆ ಹಿಡಿಯಲು ಸೊಸೆ ಮುಂದೆ ಬಂದಳು. “ನೀನು ಬಿಡಮ್ಮ” ಎಂದರು. ಬಾಗಿಲ ಕಡೆ ತಿರುಗದೆಯೇ, “ನೀವು ಬನ್ನಿ. ಹಿಡ್ಕೊಳ್ಳಿ. ಎರಡೂ ಕೈಲಿ” ಎಂದರು.

ಅವಳು ಹೋಗಿ ಹಿಡಿದುಕೊಂಡಳು. ಮೊದಲ ಎಳೆತಕ್ಕೆ ಗರಗಸ ಗೆರೆ ಬಿಟ್ಟು ಹಾರಿ ಅವಳ ಬೆರಳಿನ ಗೇಣುದೂರದಲ್ಲಿ ಮರಕ್ಕೆ ಕಚ್ಚಿತು. ಕೈ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ. “ಕಣ್ಣು ಮುಚ್ಚಬೇಡಿ, ಗೆರೆ ನೋಡ್ತಾ ಇರಿ” ಎಂದರು ಬಡಗಿ. ಎಳೆದರು, ನೂಕಿದರು, ಮತ್ತೆ ಎಳೆದರು. ಮರದ ಪುಡಿ ಅವಳ ಮಣಿಕಟ್ಟಿನ ಮೇಲೆ, ಅಂಗಿಯ ತೋಳಿನ ಮೇಲೆ ಬೀಳುತ್ತಿತ್ತು. ಭುಜ ನೋಯತೊಡಗಿತು. ಬಹಳ ಹೊತ್ತಾದ ಮೇಲೆ ತುಂಡು ಟಪ್ಪೆಂದು ನೆಲಕ್ಕೆ ಬಿತ್ತು. ಕತ್ತರಿಸಿದ ಅಂಚು ಹಾವಿನ ಹಾಗೆ ಸೊಟ್ಟಗಿತ್ತು. ಬಡಗಿ ಅದರ ಮೇಲೆ ಬೆರಳಾಡಿಸಿ, ಪುಡಿ ಊದಿ, ಎರಡು ಬೆರಳು ಹಿಂದೆ ಹೊಸ ಗೆರೆ ಎಳೆದರು.

“ಇನ್ನೊಂದು ಸಲ” ಎಂದರು.

ಅವಳು ಹಲಗೆಯನ್ನು ಮುಂದಕ್ಕೆ ಸರಿಸಿ ಹಿಡಿದಳು.